ಮನೆಗಳಿಗೆ ಹೊಗೆ ಅಲಾರ್ಮ್: ಯಾವುದನ್ನು ಕೊಳ್ಳುತ್ತೇವೆ, ಏಕೆ



ಲೆಕ್ಕಪತ್ರ, ವಿದ್ಯಾರ್ಥಿಗಳ ಪಟ್ಟಿ ಮತ್ತು ಹೊಸ ಅರ್ಜಿಗಳ ಪ್ರಕಟಣೆ ಇರುವ ಈ ವಾರ್ಷಿಕ ವರದಿಯಲ್ಲಿ ಹೊಗೆ ಅಲಾರ್ಮ್‌ಗೆ ಇಷ್ಟು ಪುಟಗಳೇಕೆ ಎಂದು ಕೆಲವರು ಕೇಳಬಹುದು. ಮುಂದಿನ ವರ್ಷದಿಂದ, ಇನ್‌ಶಾ ಅಲ್ಲಾಹ್, ವಿದ್ಯಾರ್ಥಿವೇತನ ಪಡೆಯುವ ಕುಟುಂಬಗಳ ಪೈಕಿ ಬೆಂಕಿಯ ಅಪಾಯ ಹೆಚ್ಚಿರುವ ಮನೆಗಳಿಗೆ ಟ್ರಸ್ಟ್ ವತಿಯಿಂದ ಹೊಗೆ ಅಲಾರ್ಮ್ ಹಾಕಿಸಿಕೊಡಲು ತೀರ್ಮಾನಿಸಿದ್ದೇವೆ. ಅಂಗಡಿ, ಗೋದಾಮುಗಳ ಮೇಲಿನ ಮಹಡಿಯಲ್ಲಿ ವಾಸಿಸುವವರು, ಒಂದೇ ಮೆಟ್ಟಿಲಿರುವ ಹಳೆಯ ಕಟ್ಟಡದವರು, ಮನೆಯೊಳಗೇ ಹೊಲಿಗೆ ಅಥವಾ ಬೀಡಿ ಕೆಲಸ ಮಾಡುವವರು, ರಾತ್ರಿ ಮನೆಯೊಳಗೆ ಸ್ಕೂಟರ್ ಬ್ಯಾಟರಿ ಚಾರ್ಜ್ ಮಾಡುವವರು ಮೊದಲ ಪಟ್ಟಿಯಲ್ಲಿದ್ದಾರೆ. ಆದರೆ ನಾವು ಆರಿಸಿರುವ ಬಗೆಯ ಅಲಾರ್ಮ್ ದುಬಾರಿಯದು. ಅದೇ ಹಣದಲ್ಲಿ ಅಗ್ಗದವನ್ನು ಕೊಂಡರೆ ಮೂರು ನಾಲ್ಕು ಪಟ್ಟು ಮನೆಗಳಿಗೆ ಕೊಡಬಹುದಲ್ಲವೇ ಎಂಬ ಪ್ರಶ್ನೆ ದಾನಿಗಳಿಂದ ಬಂದಿದೆ. ಪ್ರಶ್ನೆ ನ್ಯಾಯವಾದದ್ದು. ನಿಮ್ಮ ಹಣಕ್ಕೆ ನಾವು ಉತ್ತರದಾಯಿಗಳು. ಹಾಗಾಗಿ ನಮ್ಮ ತೀರ್ಮಾನದ ಹಿಂದಿನ ಕಾರಣಗಳನ್ನು ಇಲ್ಲಿ ಬಿಡಿಸಿ ಹೇಳುತ್ತಿದ್ದೇವೆ.

ಮೊದಲು ಅಗತ್ಯದ ಮಾತು. ಭಾರತದಲ್ಲಿ 2022ರಲ್ಲಿ ಬೆಂಕಿ ಅವಘಡಗಳಲ್ಲಿ 7,400ಕ್ಕೂ ಹೆಚ್ಚು ಜನ ಸತ್ತರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಹೇಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾವು ಕಾರ್ಖಾನೆಯಲ್ಲೋ ಸಿನಿಮಾ ಮಂದಿರದಲ್ಲೋ ಆದದ್ದಲ್ಲ, ಮನೆಗಳಲ್ಲೇ ಆದದ್ದು. 2025ರ ಮೇ ತಿಂಗಳಲ್ಲಿ ಹೈದರಾಬಾದಿನ ಚಾರ್‌ಮಿನಾರ್ ಬಳಿಯ ಗುಲ್ಜಾರ್ ಹೌಝ್‌ನಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇದ್ದ ಹಳೆಯ ಕಟ್ಟಡಕ್ಕೆ ಬೆಂಕಿ ಹತ್ತಿ 17 ಜನ ತೀರಿಹೋದರು. ಅವರಲ್ಲಿ 8 ಮಂದಿ ಮಕ್ಕಳು. ಹೊರಬರಲು ಇದ್ದದ್ದು ಒಂದು ಇಕ್ಕಟ್ಟಾದ ದಾರಿ. ಅದೇ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿನ ನಗರ್ತಪೇಟೆಯಲ್ಲೂ ಇಂಥದೇ ಅಂಗಡಿ-ಮನೆಯ ಕಟ್ಟಡದಲ್ಲಿ 5 ಜನ ಹೋದರು. ಅದಕ್ಕೂ ಹಿಂದೆ 2024ರ ಜೂನ್ 12ರ ಮುಂಜಾವಿನಲ್ಲಿ ಕುವೈತಿನ ಮಂಗಾಫ್‌ನ ಕಾರ್ಮಿಕರ ವಸತಿ ಕಟ್ಟಡದಲ್ಲಿ ಸತ್ತವರಲ್ಲಿ 45 ಮಂದಿ ಭಾರತೀಯರು. ಅಲ್ಲಿಂದ ಬಂದ ಶವಪೆಟ್ಟಿಗೆಗಳಲ್ಲಿ ಒಂದು ನಮ್ಮ ಕರ್ನಾಟಕಕ್ಕೂ ಬಂತು.

ಇಂಥ ಸಾವುಗಳಲ್ಲಿ ಹೆಚ್ಚಿನವು ಜ್ವಾಲೆಯಿಂದ ಆಗುವುದಿಲ್ಲ, ಹೊಗೆಯಿಂದ ಆಗುತ್ತವೆ. ನಿದ್ದೆಯಲ್ಲಿರುವವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಅದು ನಿಜವಲ್ಲ. ನಿದ್ದೆಯಲ್ಲಿ ಮೂಗು ಕೆಲಸ ಮಾಡುವುದು ಬಹಳ ಕಡಿಮೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಇನ್ನಷ್ಟು ಆಳದ ಮಂಪರಿಗೆ ತಳ್ಳುತ್ತದೆ. ಕಿವಿ ಮಾತ್ರ ನಿದ್ದೆಯಲ್ಲೂ ತೆರೆದಿರುತ್ತದೆ. ಅಲಾರ್ಮ್ ಕೆಲಸ ಮಾಡುವುದು ಆ ಕಿವಿಯನ್ನು ನಂಬಿಕೊಂಡು. ಮಲಗುವ ಮುನ್ನ ಮನೆಯ ದೀಪ, ಬೆಂಕಿ ಆರಿಸಬೇಕೆಂದು ಪ್ರವಾದಿ(ಸ) ತಾಕೀತು ಮಾಡಿದ್ದು ನಮಗೆಲ್ಲ ಗೊತ್ತು. ಈಗಿನ ಮನೆಯಲ್ಲಿ ಒಲೆ ಆರಿಸಿದ ಮೇಲೂ ಫ್ರಿಜ್, ಇನ್ವರ್ಟರ್, ಚಾರ್ಜರ್‌ಗಳು ರಾತ್ರಿಯಿಡೀ ಎಚ್ಚರವಿರುತ್ತವೆ ಎಂಬುದಷ್ಟೇ ವ್ಯತ್ಯಾಸ.

ಅಮೆರಿಕದ ರಾಷ್ಟ್ರೀಯ ಅಗ್ನಿ ಸುರಕ್ಷತಾ ಸಂಘ ಹಲವು ವರ್ಷಗಳ ಲೆಕ್ಕ ಇಟ್ಟಿದೆ. ಅಲ್ಲಿ ಮನೆ ಬೆಂಕಿಯಲ್ಲಿ ಸಾಯುವ ಐವರಲ್ಲಿ ಸುಮಾರು ಮೂವರು ಅಲಾರ್ಮ್ ಇಲ್ಲದ, ಅಥವಾ ಇದ್ದೂ ಕೆಲಸ ಮಾಡದ ಮನೆಗಳವರು. ಅಲಾರ್ಮ್ ಇದ್ದೂ ಮೊಳಗದ ಮನೆಗಳಲ್ಲಿ ಅತಿ ಸಾಮಾನ್ಯ ಕಾರಣ ಯಂತ್ರದ ದೋಷವಲ್ಲ. ಬ್ಯಾಟರಿಯನ್ನು ಯಾರೋ ತೆಗೆದಿದ್ದರು, ಕಳಚಿದ್ದರು, ಇಲ್ಲವೇ ಅದು ಖಾಲಿಯಾಗಿತ್ತು. ಗಡಿಯಾರಕ್ಕೆ, ರಿಮೋಟಿಗೆ, ಮಗುವಿನ ಆಟಿಕೆಗೆ ಬ್ಯಾಟರಿ ಬೇಕಾದಾಗ ಮನೆಯಲ್ಲಿ ಎಲ್ಲಿಗೆ ಕೈ ಹೋಗುತ್ತದೆಂದು ನಮಗೂ ಗೊತ್ತು, ನಿಮಗೂ ಗೊತ್ತು. ಅಗ್ಗದ ಅಲಾರ್ಮ್‌ನ ಪ್ರಶ್ನೆ ಇರುವುದು ಇಲ್ಲಿಯೇ.

ಉಚಿತವಾಗಿ ಅಲಾರ್ಮ್ ಹಂಚಿದ ಕಾರ್ಯಕ್ರಮಗಳಲ್ಲಿ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದ್ದು ನಮ್ಮ ಕಣ್ಣು ತೆರೆಸಿತು. 1990ರಲ್ಲಿ ಅಮೆರಿಕದ ಒಕ್ಲಹೋಮ ನಗರದಲ್ಲಿ, ಬೆಂಕಿಯಿಂದ ಗಾಯಗೊಳ್ಳುವವರು ಅತಿ ಹೆಚ್ಚಿದ್ದ ಬಡಾವಣೆಗಳನ್ನು ಆಸ್ಪತ್ರೆಯ ದಾಖಲೆಗಳಿಂದ ಗುರುತಿಸಿ, ಆ ಮನೆಗಳಿಗೇ ಸುಮಾರು 10,000 ಅಲಾರ್ಮ್ ಕೊಟ್ಟರು. ಮುಂದಿನ ನಾಲ್ಕು ವರ್ಷಗಳಲ್ಲಿ ಆ ಭಾಗದಲ್ಲಿ ಬೆಂಕಿ ಗಾಯಗಳ ಪ್ರಮಾಣ ಶೇ. 80ರಷ್ಟು ಇಳಿಯಿತು. ಕೆಲವು ವರ್ಷ ಕಳೆದ ಮೇಲೆ ಲಂಡನ್ನಿನ ಒಳನಗರದ ಬಡ ವಸತಿಗಳಲ್ಲಿ 20,000ಕ್ಕೂ ಹೆಚ್ಚು ಅಲಾರ್ಮ್ ಉಚಿತವಾಗಿ ಹಂಚಿದರು. ಅಲ್ಲಿ ಗಾಯ, ಸಾವುಗಳಲ್ಲಿ ಯಾವ ಇಳಿಕೆಯೂ ಕಾಣಲಿಲ್ಲ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಕಾರಣ ಹುಡುಕಿದರೆ, ಹಂಚಿದ್ದರಲ್ಲಿ ಬಹಳಷ್ಟು ಗೋಡೆಗೇ ಹತ್ತಿರಲಿಲ್ಲ. ಹತ್ತಿದ್ದರಲ್ಲೂ ಹಲವನ್ನು ಯಾರೂ ನೋಡಿಕೊಂಡಿರಲಿಲ್ಲ.

ಡಬ್ಬಿ ಕೈಗೆ ಕೊಟ್ಟು ಫೋಟೋ ತೆಗೆಸಿಕೊಂಡು ಬರುವ ಕಾರ್ಯಕ್ರಮ ನಮಗೆ ಬೇಡ ಎಂದು ನಾವು ಮೊದಲ ಸಭೆಯಲ್ಲೇ ತೀರ್ಮಾನಿಸಿದ್ದು ಈ ಕಾರಣಕ್ಕೆ. ಅಲಾರ್ಮ್ ಕೊಡುವುದೆಂದರೆ ಏಣಿ, ಡ್ರಿಲ್ಲು ಹಿಡಿದು ಮನೆಗೆ ಹೋಗಿ ಚಾವಣಿಗೆ ಬಿಗಿದು, ಗುಂಡಿ ಒತ್ತಿ ಮನೆಯವರಿಗೆಲ್ಲ ಶಬ್ದ ಕೇಳಿಸಿ ಬರುವುದು. ಅಮೆರಿಕದ ರೆಡ್ ಕ್ರಾಸ್ 2014ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಮನೆ ಬೆಂಕಿ ಅಭಿಯಾನದಲ್ಲಿ ಮಾಡುತ್ತಿರುವುದು ಇದನ್ನೇ. ಸ್ವಯಂಸೇವಕರು ಮನೆಗೆ ಹೋಗಿ ಹಾಕುತ್ತಾರೆ, ಎರಡು ನಿಮಿಷದೊಳಗೆ ಎಲ್ಲರೂ ಹೊರಬರುವ ದಾರಿಯನ್ನು ಮನೆಯವರೊಂದಿಗೆ ಕೂತು ಗೊತ್ತುಮಾಡುತ್ತಾರೆ. ಹೀಗೆ 25 ಲಕ್ಷಕ್ಕೂ ಹೆಚ್ಚು ಅಲಾರ್ಮ್ ಹಾಕಿದ್ದಾರೆ.

ಇನ್ನು ಯಾವ ಅಲಾರ್ಮ್ ಎಂಬ ಮಾತು. ಇದರಲ್ಲೂ ಲಂಡನ್ನಿನ ಇನ್ನೊಂದು ಅಧ್ಯಯನ ನಮಗೆ ನೆರವಾಯಿತು. ನಗರಸಭೆಯ ವಸತಿಗಳಲ್ಲಿ ಸುಮಾರು 2,100 ಮನೆಗಳಿಗೆ ಐದು ಬಗೆಯ ಅಲಾರ್ಮ್‌ಗಳನ್ನು ಚೀಟಿ ಎತ್ತಿದಂತೆ ಹಂಚಿ, ಹಾಕಿಸಿ, 15 ತಿಂಗಳ ಬಳಿಕ ಹೋಗಿ ನೋಡಿದರು. ಸುಮಾರು ಅರ್ಧದಷ್ಟು ಮನೆಗಳಲ್ಲಿ ಅಲಾರ್ಮ್ ಕೆಲಸ ಮಾಡುತ್ತಿರಲಿಲ್ಲ. ಕಾಣೆಯಾದ ಬ್ಯಾಟರಿ, ಕಳಚಿಟ್ಟ ಅಲಾರ್ಮ್, ಹಳೆಯದೇ ಕಥೆ. ಎಲ್ಲಕ್ಕಿಂತ ಹೆಚ್ಚು ಉಳಿದುಕೊಂಡದ್ದು ದೀರ್ಘಾಯುಷ್ಯದ ಲಿಥಿಯಂ ಬ್ಯಾಟರಿ ಮತ್ತು ಶಬ್ದವನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಗುಂಡಿ, ಎರಡೂ ಇದ್ದ ಬಗೆ. ಸಾಮಾನ್ಯ ಬ್ಯಾಟರಿಯದಕ್ಕಿಂತ ಅದು ಚಾಲ್ತಿಯಲ್ಲಿರುವ ಸಾಧ್ಯತೆ ದುಪ್ಪಟ್ಟಿಗೂ ಮಿಗಿಲಾಗಿತ್ತು.

ಲಿಥಿಯಂ ಎಂದಾಕ್ಷಣ ಕೆಲಸ ಮುಗಿಯಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ನೆರವಿನಿಂದ ಹಾಕಿದ್ದ ಲಿಥಿಯಂ ಅಲಾರ್ಮ್‌ಗಳನ್ನು 8ರಿಂದ 10 ವರ್ಷಗಳ ನಂತರ ಪರೀಕ್ಷಿಸಿದಾಗ ಸುಮಾರು ಮೂರನೇ ಒಂದು ಭಾಗ ಮಾತ್ರ ಕೆಲಸ ಮಾಡುತ್ತಿತ್ತು. ಎಷ್ಟೋ ಅಲಾರ್ಮ್‌ಗಳು ಜಾಗದಲ್ಲೇ ಇರಲಿಲ್ಲ. ಇದ್ದವುಗಳಲ್ಲೂ ಹಲವದರಲ್ಲಿ ಲಿಥಿಯಂ ಬ್ಯಾಟರಿ ಹೋಗಿ ಸಾಮಾನ್ಯ ಬ್ಯಾಟರಿ ಬಂದು ಕೂತಿತ್ತು. ಅಂದರೆ ಬ್ಯಾಟರಿ ಹತ್ತು ವರ್ಷ ಬಾಳುವಂಥದ್ದಾದರೂ ಅದನ್ನು ತೆಗೆಯಲು ಬಾಗಿಲು ಇದ್ದರೆ ಯಾರಾದರೂ ತೆರೆದೇ ತೆರೆಯುತ್ತಾರೆ. ಆದ್ದರಿಂದ ನಮ್ಮ ಮೊದಲ ನಿಬಂಧನೆ ಇದು: ಬ್ಯಾಟರಿ ಒಳಗೇ ಮುಚ್ಚಿ ಸೀಲ್ ಆಗಿರಬೇಕು, ಹೊರಗಿನಿಂದ ತೆಗೆಯಲು ಬರಬಾರದು. ಗೋಡೆಯ ತಟ್ಟೆಗೆ ಕೂರಿಸಿದಾಗ ಮಾತ್ರ ಚಾಲೂ ಆಗಬೇಕು. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರವರಿಯಿಂದ ಎಲ್ಲ ಮನೆಗಳಿಗೂ ಅಲಾರ್ಮ್ ಕಡ್ಡಾಯವಾದಾಗ, ಬ್ಯಾಟರಿಯಿಂದ ನಡೆಯುವಂಥದ್ದಾದರೆ ಅದು ತೆಗೆಯಲಾಗದ ದೀರ್ಘಾಯುಷ್ಯದ ಬ್ಯಾಟರಿಯೇ ಆಗಿರಬೇಕೆಂದು ಅಲ್ಲಿನ ಕಾನೂನು ಹೇಳಿತು.

ಹತ್ತು ವರ್ಷ ಎಂಬ ಅಂಕಿಯನ್ನು ಮಾರುವವರು ಸುಮ್ಮನೆ ಬರೆದದ್ದಲ್ಲ. ಲಿಥಿಯಂ ಕೋಶ ಸುಮ್ಮನೆ ಇದ್ದರೆ ವರ್ಷಕ್ಕೆ ಸುಮಾರು ಶೇ. 1ರಷ್ಟು ಮಾತ್ರ ಸೋರಿಹೋಗುತ್ತದೆ. ಅಲಾರ್ಮ್ ಕಾಯುತ್ತಾ ಕೂತಾಗ ಎಳೆಯುವ ವಿದ್ಯುತ್ತೂ ತೀರಾ ಅಲ್ಪ. ಇನ್ನೊಂದು ಕಡೆ, ಹೊಗೆ ಹಿಡಿಯುವ ಕೋಣೆಯೊಳಗೆ ಧೂಳು, ಜೇಡ, ಎಣ್ಣೆ ಜಿಡ್ಡು ಸೇರುತ್ತಾ ಹೋಗುವುದರಿಂದ ಹತ್ತು ವರ್ಷವಾದ ಮೇಲೆ ಬ್ಯಾಟರಿ ಚೆನ್ನಾಗಿದ್ದರೂ ಇಡೀ ಅಲಾರ್ಮ್ ಬದಲಿಸಬೇಕು. ಹಾಗಾಗಿ ಬ್ಯಾಟರಿಯ ಆಯುಷ್ಯವೂ ಅಲಾರ್ಮ್‌ನ ಆಯುಷ್ಯವೂ ಒಟ್ಟಿಗೆ ಮುಗಿಯುವುದು ಒಳ್ಳೆಯದೇ. ಲೆಕ್ಕ ಹಾಕಿ ನೋಡಿದರೆ, ಅಗ್ಗದ ಅಲಾರ್ಮ್‌ಗೆ ವರ್ಷಕ್ಕೊಂದು 9 ವೋಲ್ಟ್ ಬ್ಯಾಟರಿಯಂತೆ ಹತ್ತು ಬ್ಯಾಟರಿ ಬೇಕು. ಆ ಖರ್ಚು ಟ್ರಸ್ಟಿನ ಪುಸ್ತಕದಲ್ಲಿ ಕಾಣುವುದಿಲ್ಲ, ಕುಟುಂಬದ ತಲೆಗೆ ಬೀಳುತ್ತದೆ. ಫೀಸಿಗೆ ಕಷ್ಟಪಡುವ ಮನೆಯವರು ಚಾವಣಿಯ ಮೇಲಿನ ಬ್ಯಾಟರಿಗೆ ಹಣ ತೆಗೆದಿಡುತ್ತಾರೆಂದು ನಂಬುವುದು ನಮಗೆ ಸರಿ ಕಾಣಲಿಲ್ಲ.

ಎರಡನೆಯದು ಹೊಗೆಯನ್ನು ಹಿಡಿಯುವ ಬಗೆ. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಎರಡು ಬಗೆ ಇವೆ. ಅಯಾನೀಕರಣದ ಬಗೆಯಲ್ಲಿ ಅಮೆರಿಸಿಯಂ-241 ಎಂಬ ವಿಕಿರಣ ಧಾತುವಿನ ಅತಿ ಸಣ್ಣ ಕಣ ಇರುತ್ತದೆ. ಅದು ಗಾಳಿಯಲ್ಲಿ ಸಣ್ಣ ವಿದ್ಯುತ್ ಹರಿವನ್ನು ಉಂಟುಮಾಡುತ್ತದೆ, ಹೊಗೆ ಒಳಬಂದರೆ ಆ ಹರಿವು ಕುಂದಿ ಅಲಾರ್ಮ್ ಮೊಳಗುತ್ತದೆ. ಭುಗಿಲೆಂದು ಉರಿಯುವ ಬೆಂಕಿಯನ್ನು ಇದು ಬೇಗ ಹಿಡಿಯುತ್ತದೆ. ಬೆಳಕಿನ ಬಗೆಯಲ್ಲಿ ಕತ್ತಲೆ ಕೋಣೆಯೊಳಗೆ ಒಂದು ಬೆಳಕಿನ ಕಿರಣ ಇರುತ್ತದೆ. ಹೊಗೆಯ ಕಣಗಳಿಗೆ ತಾಗಿ ಬೆಳಕು ಚದುರಿದರೆ ಪಕ್ಕದ ಕಣ್ಣಿಗೆ ಬಿದ್ದು ಶಬ್ದವಾಗುತ್ತದೆ. ಬೂದಿಯೊಳಗಿನ ಕೆಂಡದಂತೆ ನಿಧಾನವಾಗಿ ಹೊಗೆಯಾಡುವ ಬೆಂಕಿಯನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಹಾಸಿಗೆ, ಸೋಫಾದ ಫೋಮ್, ಬಟ್ಟೆ ಗಂಟು, ಸುಡುತ್ತಿರುವ ವೈರಿನ ಹೊದಿಕೆ ಇವೆಲ್ಲ ರಾತ್ರಿ ಹೊತ್ತಿಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಸೊಳ್ಳೆ ಕಾಯಿಲ್ ಹಾಸಿಗೆಗೆ ತಾಗಿದಾಗ ಆಗುವುದೂ ಇದೇ.

ನಾವು ಬೆಳಕಿನ ಬಗೆಯನ್ನು ಆರಿಸಿದ್ದೇವೆ. ಇದಕ್ಕೆ ಮುಖ್ಯ ಕಾರಣ ನಮ್ಮ ಅಡುಗೆ. ಅಲಾಸ್ಕದ ಹಳ್ಳಿಗಳ ಸಣ್ಣ ಮನೆಗಳಲ್ಲಿ ಎರಡೂ ಬಗೆಯನ್ನು ಹಾಕಿ ಆರು ತಿಂಗಳು ನೋಡಿದ ಅಧ್ಯಯನವೊಂದು 2000ನೇ ಇಸವಿಯಲ್ಲಿ ಪ್ರಕಟವಾಯಿತು. ಅಯಾನೀಕರಣ ಬಗೆಯಿದ್ದ ಮನೆಗಳಲ್ಲಿ ಶೇ. 92ರಲ್ಲಿ ಸುಳ್ಳು ಅಲಾರ್ಮ್ ಬಡಿದಿತ್ತು. ಬೆಳಕಿನ ಬಗೆಯ ಮನೆಗಳಲ್ಲಿ ಶೇ. 11ರಲ್ಲಿ ಮಾತ್ರ. ಸುಳ್ಳಿಗೆ ಮುಖ್ಯ ಕಾರಣ ಅಡುಗೆ. ಪರಿಣಾಮವಾಗಿ ಮೊದಲ ಬಗೆಯದನ್ನು ಸುಮಾರು ಐದರಲ್ಲಿ ಒಂದು ಮನೆಯವರು ಕಳಚಿಟ್ಟಿದ್ದರು. ಅಲಾಸ್ಕದವರ ಬಾಣಲೆಯೇ ಇಷ್ಟು ಗಲಾಟೆ ಮಾಡಿದರೆ ಒಣಮೆಣಸಿನ ಒಗ್ಗರಣೆ, ಮೀನು ಹುರಿಯುವ ಕಾವಲಿ, ಗುರುವಾರದ ಲೋಬಾನದ ಹೊಗೆ ಇರುವ ನಮ್ಮ ಮನೆಗಳಲ್ಲಿ ಏನಾಗಬಹುದೆಂದು ಊಹಿಸಿಕೊಳ್ಳಿ. ಮೇಲೆ ಹೇಳಿದ ಲಂಡನ್ ಅಧ್ಯಯನದಲ್ಲಿ ಗೆದ್ದದ್ದು ಅಯಾನೀಕರಣದ ಬಗೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ಆದರೆ ಅದರಲ್ಲಿ ಶಬ್ದ ನಿಲ್ಲಿಸುವ ಗುಂಡಿ ಇತ್ತು. ಜನ ಅಲಾರ್ಮನ್ನು ಕಿತ್ತುಹಾಕುವ ಬದಲು ಗುಂಡಿ ಒತ್ತಿದರು ಎಂಬುದೇ ನಾವು ಅದರಿಂದ ತಿಳಿದುಕೊಂಡ ಪಾಠ. ಆ ಗುಂಡಿಯೂ ನಮ್ಮ ಪಟ್ಟಿಯಲ್ಲಿದೆ. ಇನ್ನೊಂದು ವ್ಯಾವಹಾರಿಕ ಕಾರಣವೂ ಇದೆ: ವಿಕಿರಣ ಧಾತುವಿರುವ ಅಲಾರ್ಮ್‌ಗಳು ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿಗೆ ಒಳಪಡುತ್ತವೆ. ಮನೆಯಲ್ಲಿದ್ದರೆ ಅವುಗಳಿಂದ ಅಪಾಯವೇನಿಲ್ಲ. ಆದರೆ ಹತ್ತು ವರ್ಷದ ನಂತರ ಅವನ್ನು ವಿಲೇವಾರಿ ಮಾಡುವ ಹೊಣೆ ನಮ್ಮಂಥ ಸಣ್ಣ ಟ್ರಸ್ಟಿಗೆ ಬೇಡ.

ಸುಳ್ಳು ಅಲಾರ್ಮ್ ಬರೀ ಕಿರಿಕಿರಿಯ ವಿಷಯವಲ್ಲ. 2022ರ ಜನವರಿ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 19 ಮಹಡಿಯ ಕಟ್ಟಡದಲ್ಲಿ ಚಳಿ ಕಾಯಿಸುವ ಹೀಟರಿನಿಂದ ಬೆಂಕಿ ಹತ್ತಿತು. ಅಲ್ಲಿದ್ದವರಲ್ಲಿ ಬಹಳಷ್ಟು ಜನ ಗ್ಯಾಂಬಿಯಾದಿಂದ ಬಂದು ನೆಲೆಸಿದ್ದ ದುಡಿಯುವ ಕುಟುಂಬಗಳು. 17 ಜನ ಸತ್ತರು, 8 ಮಕ್ಕಳು, ಎಲ್ಲರೂ ಹೊಗೆಯಿಂದ. ಕಟ್ಟಡದಲ್ಲಿ ಅಲಾರ್ಮ್ ಇತ್ತು, ಮೊಳಗಿತು ಕೂಡ. ಆದರೆ ಅದು ಪದೇ ಪದೇ ಸುಮ್ಮಸುಮ್ಮನೆ ಬಡಿಯುತ್ತಿದ್ದುದರಿಂದ ಮೊದಲಿಗೆ ತಲೆಕೆಡಿಸಿಕೊಳ್ಳಲಿಲ್ಲವೆಂದು ಉಳಿದವರು ಹೇಳಿದರು. ತಾವಾಗಿ ಮುಚ್ಚಬೇಕಿದ್ದ ಬಾಗಿಲು ತೆರೆದೇ ಉಳಿದದ್ದರಿಂದ ಹೊಗೆ ಮೆಟ್ಟಿಲಿನುದ್ದಕ್ಕೂ ಏರಿತ್ತು. 15 ಜನಾಝಾಗಳು ಒಂದೇ ದಿನ ಒಂದೇ ಕಡೆ ನಡೆದವು.

ಮೂರನೆಯದು ಮುದ್ರೆ. ಯುರೋಪಿನ ಅಲಾರ್ಮ್‌ಗೆ ಇಎನ್ 14604, ಅಮೆರಿಕದ್ದಕ್ಕೆ ಯುಎಲ್ 217 ಎಂಬ ಮಾನದಂಡ ಇದೆ. ಮೂರು ಮೀಟರ್ ದೂರದಲ್ಲಿ 85 ಡೆಸಿಬೆಲ್ ಶಬ್ದ, ಬ್ಯಾಟರಿ ಮುಗಿಯುವ ಮುನ್ನ ತಿಂಗಳ ಕಾಲ ಎಚ್ಚರಿಕೆಯ ಚಿಲಿಪಿಲಿ, ಹೀಗೆ ಎಷ್ಟೋ ಪರೀಕ್ಷೆಗಳು ಅದರಲ್ಲಿವೆ. ಯುಎಲ್ 217ರ ಹೊಸ ಆವೃತ್ತಿಯಲ್ಲಿ ಫೋಮಿನ ಬೆಂಕಿಯನ್ನು ಹಿಡಿಯಬೇಕು, ಮಾಂಸದ ತುಂಡು ಸುಡುವಾಗಿನ ಅಡುಗೆ ಹೊಗೆಗೆ ಸುಮ್ಮನಿರಬೇಕು ಎಂಬ ಪರೀಕ್ಷೆಗಳನ್ನೂ ಸೇರಿಸಿದ್ದಾರೆ. ಜರ್ಮನಿಯಲ್ಲಿ ದೀರ್ಘಾಯುಷ್ಯದ ಅಲಾರ್ಮ್‌ಗಳಿಗೇ ‘ಕ್ಯೂ’ ಎಂಬ ಪ್ರತ್ಯೇಕ ಗುರುತು ಇದೆ, ಅದಿದ್ದರೆ ಇನ್ನೂ ಒಳ್ಳೆಯದು. ಡಬ್ಬಿಯ ಮೇಲೆ ‘ಸಿಇ’ ಎಂದು ಎರಡಕ್ಷರ ಮಾತ್ರ ಇದ್ದು ಮಾನದಂಡದ ಸಂಖ್ಯೆ ಇಲ್ಲದ, ತಯಾರಕರ ಹೆಸರೂ ಇಲ್ಲದ ಸರಕನ್ನು ನಾವು ಮುಟ್ಟುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ಅಂಥ ಕೆಲವು ಅಲಾರ್ಮ್‌ಗಳು ಹೊಗೆ ತುಂಬಿದ ಕೋಣೆಯಲ್ಲೂ ಮೊಳಗಲಿಲ್ಲವೆಂದು ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವೇ ಎಚ್ಚರಿಸಿದೆ.

ನಮ್ಮೂರಿನ ಖರೀದಿಯಲ್ಲಿ ಇನ್ನೊಂದು ತೊಡಕಿದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ‘ಸ್ಮೋಕ್ ಡಿಟೆಕ್ಟರ್’ ಕೇಳಿದರೆ ಹೆಚ್ಚಾಗಿ ಕೊಡುವುದು ಕಚೇರಿ, ಆಸ್ಪತ್ರೆಗಳಲ್ಲಿ ಹಾಕುವ ಬಗೆ. ನೋಡಲು ಅಂತೆಯೇ ದುಂಡಗಿರುತ್ತದೆ, ಬೆಲೆಯೂ ಕಡಿಮೆ. ಆದರೆ ಅದಕ್ಕೆ ಬ್ಯಾಟರಿಯೂ ಇಲ್ಲ, ಶಬ್ದ ಮಾಡುವ ಬಾಯಿಯೂ ಇಲ್ಲ. ಕಟ್ಟಡದ ಫೈರ್ ಪ್ಯಾನೆಲ್‌ಗೆ ತಂತಿ ಎಳೆದರೆ ಮಾತ್ರ ಅದು ಕೆಲಸ ಮಾಡುತ್ತದೆ. ಮನೆಯ ಚಾವಣಿಗೆ ಅದನ್ನು ಅಂಟಿಸಿದರೆ ಅಲಂಕಾರಕ್ಕಷ್ಟೇ. ಮನೆಗೆ ಬೇಕಾದದ್ದು ತನ್ನೊಳಗೇ ಬ್ಯಾಟರಿ, ಸೈರನ್ ಇರುವ ಸ್ವತಂತ್ರ ಅಲಾರ್ಮ್.

ಡಬ್ಬಿಯ ಹಿಂದಿರುವ ಸಣ್ಣಕ್ಷರಗಳಲ್ಲಿ ಉಷ್ಣಾಂಶವನ್ನೂ ಓದಬೇಕು. ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಹಲವು ಅಲಾರ್ಮ್‌ಗಳ ಮಿತಿ ಸುಮಾರು 38 ಡಿಗ್ರಿ ಸೆಲ್ಸಿಯಸ್. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಹೊರಗೇ 40 ದಾಟುತ್ತದೆ. ತಗಡಿನ ಚಾವಣಿಯ ಕೆಳಗೆ ಕೇಳುವುದೇ ಬೇಡ. ಆ ಭಾಗದ ಮನೆಗಳಿಗೆ ಮಿತಿ ಹೆಚ್ಚಿರುವ ಮಾದರಿಯನ್ನೇ ತರಿಸುತ್ತೇವೆ, ತಗಡಿನ ಚಾವಣಿಗೆ ನೇರ ಬಿಗಿಯದೆ ಗೋಡೆಯ ಮೇಲ್ಭಾಗದಲ್ಲಿ ಹಾಕುತ್ತೇವೆ. ಕರಾವಳಿಯಲ್ಲಿ ಸೆಕೆಗಿಂತ ಮಳೆಗಾಲದ ತೇವ ಮತ್ತು ಹುಳುಗಳದ್ದೇ ಕಾಟ. ಅಲ್ಲಿಗೆ ಒಳಗೆ ಕೀಟ ತಡೆಯುವ ಜಾಲರಿ ಇರುವುದು ಬೇಕು. ತಯಾರಾದ ದಿನಾಂಕವನ್ನು ನೋಡುವುದೂ ಅಷ್ಟೇ ಮುಖ್ಯ. ಹತ್ತು ವರ್ಷವನ್ನು ಎಣಿಸಲು ಶುರುಮಾಡುವುದು ಆ ದಿನಾಂಕದಿಂದ, ಕೊಂಡ ದಿನದಿಂದಲ್ಲ. ಗೋದಾಮಿನಲ್ಲಿ ಮೂರು ವರ್ಷ ಕೂತ ಸರಕನ್ನು ರಿಯಾಯಿತಿ ದರದಲ್ಲಿ ಕೊಂಡರೆ ಏಳು ವರ್ಷದ್ದನ್ನು ಕೊಂಡಂತೆ. ಕೊಲ್ಲಿಯಿಂದ ಬರುವಾಗ ತಂದುಕೊಡುತ್ತೇವೆ ಎನ್ನುವ ದಾನಿಗಳಿಗೂ ಇದನ್ನೇ ಕೇಳಿಕೊಳ್ಳುತ್ತೇವೆ. ಯುಎಇಯಲ್ಲಿರುವವರಿಗೆ ಅಲ್ಲಿನ ವಿಲ್ಲಾಗಳಲ್ಲಿ ಹಾಕಿಸುವ ‘ಹಸ್ಸಂತುಕ್’ ವ್ಯವಸ್ಥೆ ಪರಿಚಿತ. ಅದು ಸರ್ಕಾರದ ನಿಯಂತ್ರಣ ಕೇಂದ್ರಕ್ಕೆ ಜೋಡಿಸಿದ ಸಾಧನ, ಇಲ್ಲಿಗೆ ತಂದರೆ ಉಪಯೋಗವಿಲ್ಲ.

ಕುಟುಂಬದವರಿಗೆ ಈಗ ಕೆಲವು ಮಾತು. ಅಲಾರ್ಮನ್ನು ಮಲಗುವ ಕಡೆ ಮತ್ತು ಹೊರಗೆ ಹೋಗುವ ದಾರಿಯಲ್ಲಿ ಹಾಕುತ್ತೇವೆ. ಮಹಡಿ ಇದ್ದರೆ ಪ್ರತಿ ಮಹಡಿಗೂ ಒಂದು. ಒಲೆಯಿಂದ ಸುಮಾರು ಮೂರು ಮೀಟರ್ ದೂರ, ಬಚ್ಚಲಿನ ಹಬೆ ತಾಗದ ಜಾಗ, ಸೀಲಿಂಗ್ ಫ್ಯಾನಿನ ರೆಕ್ಕೆಯಿಂದ ಮೂರಡಿ ಆಚೆ. ಫ್ಯಾನಿನ ವಿಷಯ ಬೇರೆ ದೇಶದವರ ಕೈಪಿಡಿಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಹತ್ತು ಅಡಿ ಅಗಲದ ಕೋಣೆಯ ನಡುವೆ ಫ್ಯಾನ್ ಇರುವ ನಮ್ಮ ಮನೆಗಳಲ್ಲಿ ಅದೇ ದೊಡ್ಡ ಸಮಸ್ಯೆ. ಫ್ಯಾನಿನ ಗಾಳಿ ಹೊಗೆಯನ್ನು ಅಲಾರ್ಮ್‌ನಿಂದ ದೂರ ತಳ್ಳುತ್ತದೆ. ಎಷ್ಟೋ ಮನೆಗಳಲ್ಲಿ ಕೋಣೆಯ ಒಳಗಿಗಿಂತ ಬಾಗಿಲ ಹೊರಗಿನ ಪಡಸಾಲೆಯೇ ಸರಿಯಾದ ಜಾಗವಾಗುತ್ತದೆ. ಅಡುಗೆ ಮನೆಗೆ ಹೊಗೆ ಅಲಾರ್ಮ್ ಬೇಡ. ಅಲ್ಲಿಗೆ ಶಾಖವನ್ನು ಹಿಡಿಯುವ ಬೇರೆ ಅಲಾರ್ಮ್ ಬರುತ್ತದೆ, ಸದ್ಯ ಅದು ನಮ್ಮ ಯೋಜನೆಯಲ್ಲಿಲ್ಲ.

ಗ್ಯಾಸ್ ಸೋರಿದರೆ ಇದು ಹೇಳುತ್ತದೆಯೇ ಎಂದು ಬಹಳ ಜನ ಕೇಳುತ್ತಾರೆ. ಇಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಅದರ ಡಿಟೆಕ್ಟರ್ ಬೇರೆಯೇ, ಹಾಕುವುದೂ ನೆಲದ ಬಳಿ. ಹೊಗೆ ಮೇಲಕ್ಕೇರುತ್ತದೆ, ಅದರ ಅಲಾರ್ಮ್ ಚಾವಣಿಯಲ್ಲಿ. ಒಂದರ ಕೆಲಸವನ್ನು ಇನ್ನೊಂದು ಮಾಡದು. ರೆಗ್ಯುಲೇಟರ್ ರಾತ್ರಿ ಬಂದ್ ಮಾಡುವ ಅಭ್ಯಾಸವನ್ನು ಅಲಾರ್ಮ್ ಬಂತೆಂದು ಬಿಡಬೇಡಿ.

ತಿಂಗಳಿಗೊಮ್ಮೆ ಪರೀಕ್ಷೆಯ ಗುಂಡಿ ಒತ್ತಿ. ಕೋಲಿನ ತುದಿಯಿಂದ ಒತ್ತಿದರೂ ಆಗುತ್ತದೆ. ತಿಂಗಳ ಮೊದಲ ಜುಮಾ ದಿನ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಆರು ತಿಂಗಳಿಗೊಮ್ಮೆ ಒಣ ಬಟ್ಟೆಯಿಂದ ಸುತ್ತಲಿನ ಸಂದುಗಳ ಧೂಳು ಒರೆಸಿ. ಸುಣ್ಣ, ಬಣ್ಣ ಬಳಿಯುವಾಗ ಅದರ ಮೇಲೆ ಬಣ್ಣ ಬೀಳದಂತೆ ಮುಚ್ಚಿ, ಕೆಲಸ ಮುಗಿದ ದಿನವೇ ಮುಚ್ಚಿದ್ದನ್ನು ತೆಗೆಯಿರಿ. ಒಗ್ಗರಣೆಗೆ ಶಬ್ದವಾದರೆ ಗುಂಡಿ ಒತ್ತಿ ಕಿಟಕಿ ತೆರೆಯಿರಿ, ಕೆಲವು ನಿಮಿಷದ ನಂತರ ತಾನಾಗಿ ಕೆಲಸಕ್ಕೆ ಮರಳುತ್ತದೆ. ದಿನವೂ ಹಾಗೆಯೇ ಆಗುತ್ತಿದ್ದರೆ ಅದನ್ನು ಕಿತ್ತಿಡಬೇಡಿ, ನಮಗೆ ಹೇಳಿ. ಜಾಗ ಬದಲಿಸಿ ಕೊಡುತ್ತೇವೆ. ನಿಮಿಷಕ್ಕೊಮ್ಮೆ ‘ಚಿಂವ್’ ಎನ್ನಲು ಶುರುವಾದರೆ ಅದರ ಆಯುಷ್ಯ ಮುಗಿಯಿತೆಂದು ಅರ್ಥ. ಬ್ಯಾಟರಿ ಹುಡುಕಬೇಡಿ, ಇಡೀ ಅಲಾರ್ಮನ್ನೇ ಬದಲಿಸಬೇಕು.

ಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಲಾರ್ಮ್ ಬಡಿದರೆ ಮಕ್ಕಳು ತಾವಾಗಿ ಏಳುತ್ತಾರೆಂದು ನಂಬಬೇಡಿ. ಬ್ರಿಟನ್ನಿನ ಡಂಡೀ ವಿಶ್ವವಿದ್ಯಾಲಯದವರು ಅಗ್ನಿಶಾಮಕ ಸಿಬ್ಬಂದಿಯೊಂದಿಗೆ ಸೇರಿ 34 ಮಕ್ಕಳ ಮೇಲೆ ಪರೀಕ್ಷೆ ಮಾಡಿದಾಗ 27 ಮಕ್ಕಳು ಪ್ರತಿ ಬಾರಿಯೂ ಅಲಾರ್ಮ್ ನಡುವೆಯೇ ಗಾಢ ನಿದ್ದೆ ಮಾಡಿದರು. ಸಾಮಾನ್ಯ ಅಲಾರ್ಮ್‌ನ ಶಬ್ದ ಬಹಳ ಕೀಚಲು. ಮಕ್ಕಳಿಗೂ, ಕಿವಿ ಮಂದವಾದ ಹಿರಿಯರಿಗೂ ತಗ್ಗಿದ ದನಿಯೇ ಬೇಗ ತಾಗುತ್ತದೆ. ಆದ್ದರಿಂದ ಯಾವ ಮಗುವನ್ನು ಯಾರು ಎಬ್ಬಿಸಬೇಕು, ಅಜ್ಜಿಯನ್ನು ಯಾರು ಕೈಹಿಡಿಯಬೇಕು, ಇದನ್ನು ಹಗಲಲ್ಲೇ ಗೊತ್ತುಮಾಡಿ. ರಾತ್ರಿ ಓದುತ್ತಾ ಕೂರುವ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಈ ಹೊಣೆ ಕೊಡಬಹುದು. ಮನೆಯಲ್ಲಿ ಕೊನೆಗೆ ಮಲಗುವವರು ಹೆಚ್ಚಾಗಿ ಅವರೇ. ಕಿವಿ ಕೇಳದವರಿರುವ ಮನೆಗಳು ಮೊದಲೇ ತಿಳಿಸಿದರೆ ಬೆಳಕು ಮಿನುಗಿಸುವ, ದಿಂಬಿನ ಕೆಳಗೆ ಕಂಪಿಸುವ ಸಾಧನವನ್ನು ಹುಡುಕಿ ಕೊಡಲು ಪ್ರಯತ್ನಿಸುತ್ತೇವೆ.

ಇನ್ನು ದಾರಿ. ಅಲಾರ್ಮ್ ಎಬ್ಬಿಸುತ್ತದೆ, ಹೊರಗೆ ಕರೆದೊಯ್ಯುವುದಿಲ್ಲ. 2017ರ ಜೂನ್ 14ರ ನಡುರಾತ್ರಿ ಲಂಡನ್ನಿನ ಗ್ರೆನ್‌ಫೆಲ್ ಗೋಪುರದಲ್ಲಿ ಫ್ರಿಜ್‌ನಿಂದ ಬೆಂಕಿ ಶುರುವಾದ ಮನೆಯವರನ್ನು ಅವರ ಅಲಾರ್ಮ್ ಎಬ್ಬಿಸಿತು, ಅವರು ಹೊರಬಂದರು. ಆದರೆ ಉರಿಯುವ ಹೊರಹೊದಿಕೆಯಿಂದ ಬೆಂಕಿ ಮೇಲೇರಿ 72 ಜನ ತೀರಿಹೋದರು. ಅದು ರಮಝಾನ್ ತಿಂಗಳು. ಸಹರಿಗೆಂದು ಎಚ್ಚರವಿದ್ದ ಹಲವರು ನೆರೆಯವರ ಬಾಗಿಲು ಬಡಿದು ಎಬ್ಬಿಸಿದರೆಂದು ಉಳಿದವರು ನೆನೆದಿದ್ದಾರೆ. ನಮ್ಮ ಕಡೆ ಕಳ್ಳರ ಭಯಕ್ಕೆ ಒಳಗಿನಿಂದ ಬೀಗ ಹಾಕಿ ಕೀಲಿಯನ್ನು ಬೀರುವಿನಲ್ಲಿ ಇಡುವ ಪದ್ಧತಿ ಇದೆ. ಕೀಲಿ ಬಾಗಿಲ ಪಕ್ಕದ ಮೊಳೆಯಲ್ಲಿ ಇರಲಿ, ಎಲ್ಲರಿಗೂ ಗೊತ್ತಿರಲಿ. ಮೆಟ್ಟಿಲ ಕೆಳಗೆ ಸ್ಕೂಟರ್ ಚಾರ್ಜ್‌ಗೆ ಹಾಕಬೇಡಿ. ಹೊರಗೆ ಬಂದ ಮೇಲೆ ಸರ್ಟಿಫಿಕೇಟ್‌ಗಾಗಿ ಒಳಗೆ ಹೋಗಬೇಡಿ. ಅಂಕಪಟ್ಟಿಯ ನಕಲನ್ನು ಬೋರ್ಡಿನಿಂದ ಮತ್ತೆ ಪಡೆಯಬಹುದು, ಅದಕ್ಕೆ ತಗಲುವ ಶುಲ್ಕವನ್ನು ಟ್ರಸ್ಟ್ ಕೊಡುತ್ತದೆ. 101ಕ್ಕೋ 112ಕ್ಕೋ ಫೋನ್ ಮಾಡುವುದು ಹೊರಗೆ ಬಂದ ಮೇಲೆ.

ದಾನಿಗಳ ಗಮನಕ್ಕೆ: ಈ ಯೋಜನೆಗೆ ಝಕಾತ್ ನಿಧಿಯನ್ನು ಮುಟ್ಟುವುದಿಲ್ಲ. ಅದು ಎಂದಿನಂತೆ ಫೀಸು, ಪುಸ್ತಕ, ಹಾಸ್ಟೆಲ್ ಖರ್ಚಿಗೇ ಮೀಸಲು. ಅಲಾರ್ಮ್‌ಗೆ ಸದಕಾ ಮತ್ತು ಸಾಮಾನ್ಯ ದೇಣಿಗೆಯನ್ನು ಬಳಸುತ್ತೇವೆ, ಪ್ರತ್ಯೇಕ ಲೆಕ್ಕ ಇಡುತ್ತೇವೆ. ಬೆಲೆಯಲ್ಲಿ ಏಣಿ, ಸಾಗಣೆ, ಹಾಕುವವರ ಕೂಲಿ, ಒಂದು ವರ್ಷದ ನಂತರ ಮತ್ತೆ ಹೋಗಿ ನೋಡುವ ಖರ್ಚನ್ನೂ ಸೇರಿಸಿದ್ದೇವೆ. ಮುಂದಿನ ವರದಿಯಲ್ಲಿ ಎಷ್ಟು ಹಾಕಿದೆವು ಎಂಬುದರ ಜೊತೆಗೆ, ಮತ್ತೆ ಹೋದಾಗ ಎಷ್ಟು ಕೆಲಸ ಮಾಡುತ್ತಿದ್ದವು ಎಂಬ ಸಂಖ್ಯೆಯನ್ನೂ ಕೊಡುತ್ತೇವೆ. ಅದು ಚಿಕ್ಕದಾಗಿ ಬಂದರೂ ಅದನ್ನೇ ಅಚ್ಚು ಹಾಕುತ್ತೇವೆ.

ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ಪುಟದಲ್ಲಿ ಈ ವರ್ಷ ಮನೆಯ ಕುರಿತು ಕೆಲವು ಪ್ರಶ್ನೆಗಳಿವೆ: ಸ್ವಂತವೋ ಬಾಡಿಗೆಯೋ, ಎಷ್ಟನೇ ಮಹಡಿ, ಕೆಳಗೆ ಅಂಗಡಿ ಇದೆಯೇ, ಚಾವಣಿ ತಾರಸಿಯೋ ಹೆಂಚೋ ತಗಡೋ, ರಾತ್ರಿ ಎಷ್ಟು ಜನ ಮಲಗುತ್ತಾರೆ, ನಡೆಯಲಾಗದವರು ಅಥವಾ ಕಿವಿ ಕೇಳದವರು ಇದ್ದಾರೆಯೇ. ಬಾಡಿಗೆ ಮನೆಯಾದರೆ ಎರಡು ಮೊಳೆ ಹೊಡೆಯಲು ಮಾಲೀಕರ ಒಪ್ಪಿಗೆ ಬೇಕು, ಅವರೊಂದಿಗೆ ನಾವೇ ಮಾತಾಡುತ್ತೇವೆ. ಆ ಪುಟವನ್ನು ತುಂಬದಿದ್ದರೂ, ಅಲಾರ್ಮ್ ಬೇಡವೆಂದರೂ ವಿದ್ಯಾರ್ಥಿವೇತನದ ಆಯ್ಕೆಗೆ ಅದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲ.